ಆಯುಧ ಕೋಣೆಯ ಕಿಟಕಿ ಸರಳು

ಪೊಲೀಸ್ ಇಲಾಖೆಯಲ್ಲಿ ಬಂದೂಕುಗಳ ಜೊತೆ ಆಯುಷ್ಯ ಕಳೆದವನು ಎಂದು ಗೊತ್ತಾದ ಕೂಡಲೇ ಜನ ದನಿ ತಗ್ಗಿಸಿ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಮಂದಿಗೆ ಹೊಡೆದಿದ್ದೀರಿ? ಒಬ್ಬರಿಗೂ ಇಲ್ಲ. ನಾನು ಹೊಡೆದ ಗುಂಡುಗಳೆಲ್ಲ ಬಬಲೇಶ್ವರದ ಹಾದಿಯಲ್ಲಿದ್ದ ಚಾಂದಮಾರಿಯ ಮಣ್ಣಿನ ದಿಬ್ಬದಲ್ಲಿ ಹೂತುಹೋಗಿವೆ. ಚಾಂದಮಾರಿ ಎಂದರೆ ಗುಂಡು ಹೊಡೆಯುವ ಅಭ್ಯಾಸದ ಬಯಲು. ಕಾಗದದ ಮೇಲೆ ನಾನು ಆರ್ಮರರ್, ಎಲ್ಲರ ಬಾಯಲ್ಲಿ ಮಿಸ್ತ್ರಿ. ಬಂದೂಕು ಬಿಚ್ಚುವುದು, ಒರೆಸುವುದು, ಕೆಟ್ಟದ್ದನ್ನು ಸರಿಮಾಡುವುದು, ಸರಿಯಿದೆ ಎಂದು ಸಹಿ ಹಾಕುವುದು ನನ್ನ ಕೆಲಸವಾಗಿತ್ತು. ಆ ಸಹಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊನ್ನೆ ಈ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ವಿಜಯಪುರದ ನಮ್ಮ ಮನೆಗೆ ಬಂದಿದ್ದರು. ಬಂದೂಕು ಗುರಿ ತಪ್ಪದಂತೆ ಇರಬೇಕಾದರೆ ಏನು ಮಾಡಬೇಕು ಎಂದು ಕೇಳಿದರು. ಚಹಾ ಕುಡಿಯುವಷ್ಟರಲ್ಲಿ ಹೇಳಿ ಮುಗಿಸುವ ಮಾತಲ್ಲ, ಬರೆದುಕೊಡುತ್ತೇನೆ ಎಂದೆ. ಒಳಗಿನಿಂದ ನನ್ನ ಹೆಂಡತಿ, “ಬಂದೂಕ ಒರಸಿದಷ್ಟ ನಿಮ್ಮ ಚಸ್ಮಾ ಒರಸ್ಕೊಂಡಿದ್ರ ಇಷ್ಟೊತ್ತಿಗೆ ಒಂದ ಪುಸ್ತಕ ಬರೀತಿದ್ರಿ” ಎಂದಳು. ಚಸ್ಮಾ ಒರೆಸಿಕೊಂಡೇ ಕುಳಿತಿದ್ದೇನೆ.

ನಮ್ಮಪ್ಪ ತಿಕೋಟಾದಲ್ಲಿ ಬಡಿಗ. ಕೂರಿಗೆ, ಕುಂಟೆ, ಬಂಡಿಯ ಗಾಲಿ ಮಾಡುತ್ತಿದ್ದ. ನಾನು ಬಂದೂಕಿನ ಕೆಲಸಕ್ಕೆ ಸೇರಿದಾಗ, ಅದು ಕಬ್ಬಿಣದ ಕೆಲಸ, ಇನ್ನು ಮುಂದೆ ಕಟ್ಟಿಗೆಯ ಹಂಗಿಲ್ಲ ಎಂದು ಖುಷಿಪಟ್ಟಿದ್ದೆ. ಅಲ್ಲಿ ನನಗೆ ಕೆಲಸ ಕಲಿಸಿದವರು ನಿಡೋಣಿಯ ಗುರಪ್ಪ ಮಿಸ್ತ್ರಿ. ಸಣ್ಣ ಆಳು, ದೊಡ್ಡ ಮೀಸೆ, ಮಾತು ಕಡಿಮೆ. ಮೊದಲ ದಿನ ಅವರು ನನ್ನ ಕೈಗೆ ಕೊಟ್ಟದ್ದು ತಿರುಪು ಬಿಚ್ಚುವ ಪಾನಾ ಅಲ್ಲ, ಒಡೆದ ಗಾಜಿನ ಒಂದು ಚೂರು. ಅದು ಯಾಕೆ ಎಂದು ತಿಳಿಯಲು ಮಳೆಗಾಲದವರೆಗೆ ಕಾಯಬೇಕಾಯಿತು.

ಆಗ ಇದ್ದವು ಹಳೆಯ ತ್ರೀನಾಟ್‌ತ್ರೀ ಬಂದೂಕುಗಳು. ನಳಿಗೆ ಉಕ್ಕಿನದು, ಅದನ್ನು ಹೊತ್ತುಕೊಂಡ ಮೈಯೆಲ್ಲ ಕಟ್ಟಿಗೆಯದು. ಮಳೆ ಹಿಡಿದ ವಾರ ಅವುಗಳಲ್ಲಿ ಒಂದು ಇದ್ದಕ್ಕಿದ್ದಂತೆ ಬಲಕ್ಕೆ ಹೊಡೆಯತೊಡಗಿತು. ನಾನು ಸುತ್ತಿಗೆ ತೆಗೆದುಕೊಂಡು ಅದರ ಮಕ್ಕಿಯನ್ನು ಸರಿಸಲು ಹೊರಟೆ. ಮಕ್ಕಿ ಎಂದರೆ ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲು ನಿಲ್ಲಿಸಿದ ಸಣ್ಣ ಕಡ್ಡಿ. ಗುರಪ್ಪ ಮಿಸ್ತ್ರಿ ಸುತ್ತಿಗೆಯನ್ನು ಕಸಿದುಕೊಂಡರು.

“ಬಡಿಗ್ಯಾನ ಮಗಾ ಇದ್ದೀಯಲ್ಲ, ಮಳಿಗಾಲದಾಗ ನಿಮ್ಮ ಮನಿ ಬಾಗಲಾ ಯಾಕ ಮುಚ್ಚೂದಿಲ್ಲ ಹೇಳು.”

“ಕಟಗಿ ಉಬ್ಬತೈತ್ರಿ.”

“ಹಂಗಾರ ಇದೇನ ಗಾಜಿಂದೇನ?”

ಅವರು ನಳಿಗೆಯನ್ನು ಕಟ್ಟಿಗೆಯಿಂದ ಬಿಡಿಸಿ, ಅದಕ್ಕೆ ಚಿಮಣಿ ದೀಪದ ಕಪ್ಪು ಹಿಡಿಸಿ, ಮತ್ತೆ ಕಟ್ಟಿಗೆಯಲ್ಲಿ ಕೂಡಿಸಿ ತೆಗೆದರು. ಒಳಗೆ ಒಂದು ಕಡೆ ಮಾತ್ರ ಬೆರಳಿನಷ್ಟು ಕರಿ ಗುರುತು ಬಿದ್ದಿತ್ತು. ಉಬ್ಬಿದ ಕಟ್ಟಿಗೆ ಅಲ್ಲಿ ನಳಿಗೆಯನ್ನು ಒತ್ತುತ್ತಿತ್ತು. ಆ ಗಾಜಿನ ಚೂರಿನಿಂದ ಕರಿ ಗುರುತನ್ನಷ್ಟೇ ಹೆರೆಯಲು ಹೇಳಿದರು. ಹೆರೆದು, ಅಗಸೆ ಎಣ್ಣೆ ಕುಡಿಸಿ, ಮತ್ತೆ ಕೂಡಿಸಿದ ಮೇಲೆ ಬಂದೂಕು ನೆಟ್ಟಗಾಯಿತು. ಅಗಸೆ ಎಣ್ಣೆ ಕುಡಿದ ಆ ಕಟ್ಟಿಗೆಯ ವಾಸನೆ ಇವತ್ತಿಗೂ ಎಲ್ಲಾದರೂ ಮೂಗಿಗೆ ಬಡಿದರೆ ನನಗೆ ಎದೆ ತುಂಬಿ ಬರುತ್ತದೆ. ಅಪ್ಪನ ಕೊಟ್ಟಿಗೆಯೂ ನೆನಪಾಗುತ್ತದೆ, ಆಯುಧ ಕೋಣೆಯೂ ನೆನಪಾಗುತ್ತದೆ, ಯಾವುದು ಯಾವುದೆಂದು ತಿಳಿಯುವುದಿಲ್ಲ.

ಗುರಪ್ಪ ಮಿಸ್ತ್ರಿ ಹೇಳುತ್ತಿದ್ದ ಒಂದು ಮಾತನ್ನು ಹೊಸಬರು ಬರೆದಿಟ್ಟುಕೊಳ್ಳಬೇಕು. ಯಾವಾಗಲೂ ಒಂದು ಗೇಣು ಎಡಕ್ಕೆ ಹೊಡೆಯುವ ಬಂದೂಕು ಒಳ್ಳೆಯ ಬಂದೂಕು. ಅದರ ಮಕ್ಕಿಯನ್ನು ಸರಿಸಿದರೆ ಮುಗಿಯಿತು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ನಟ್ಟನಡುವೆ ಹೊಡೆಯುವುದೇ ಕೆಟ್ಟ ಬಂದೂಕು. ನಳಿಗೆ, ಕಟ್ಟಿಗೆ, ತಿರುಪು, ಗುಂಡು, ಹಿಡಿದವರ ಉಸಿರು ಎಲ್ಲವೂ ಒಮ್ಮೆ ಇದ್ದಂತೆಯೇ ಮತ್ತೊಮ್ಮೆ ಇರಬೇಕು. ಗುರಿ ಎನ್ನುವುದು ಅಷ್ಟೇ. ಈ ಮಾತು ನನಗೆ ಬಾಯಿಪಾಠವಾಗಿತ್ತು. ಬೇಕಾದಾಗ ಮಾತ್ರ ನೆನಪಿಗೆ ಬರಲಿಲ್ಲ.

ನಾನು ಮಾಡಿದ ಎಡವಟ್ಟುಗಳಲ್ಲಿ ಸಣ್ಣದನ್ನು ಮೊದಲು ಹೇಳಿಬಿಡುತ್ತೇನೆ. ಒಮ್ಮೆ ತಪಾಸಣೆಗೆ ದೊಡ್ಡ ಸಾಹೇಬರು ಬರುವವರಿದ್ದರು. ನಾನು ಹುರುಪಿನಲ್ಲಿ ಎಲ್ಲ ಬಂದೂಕುಗಳ ಮಕ್ಕಿಗಳನ್ನೂ ತಿಕ್ಕಿ ತಿಕ್ಕಿ ಬೆಳ್ಳಿ ಮಾಡಿದೆ. ಮರುದಿನ ಬೆಳಿಗ್ಗೆ ಚಾಂದಮಾರಿಯಲ್ಲಿ ಇಡೀ ತುಕಡಿಯ ಗುಂಡುಗಳು ಎಡಕ್ಕೆ ಬಿದ್ದವು. ಸೂರ್ಯ ಬಲಕ್ಕಿದ್ದ. ಮಕ್ಕಿಯ ಬಲಬದಿ ಫಳಫಳ ಹೊಳೆದು, ಎಲ್ಲರೂ ಆ ಹೊಳಪನ್ನೇ ಮಕ್ಕಿ ಎಂದು ತಿಳಿದು ಗುರಿ ಹಿಡಿದಿದ್ದರು. ಗುರಪ್ಪ ಮಿಸ್ತ್ರಿ ನನ್ನನ್ನು ಬೈಯಲಿಲ್ಲ. ಹಾದಿಯ ಗುಡಿಯ ಪೂಜಾರಿಯಿಂದ ಕರ್ಪೂರ ಇಸಿದುಕೊಂಡು ಬಂದು, ಹೊತ್ತಿಸಿ, ಅದರ ಹೊಗೆಯಲ್ಲಿ ಒಂದೊಂದೇ ಮಕ್ಕಿಯನ್ನು ಕರಿ ಮಾಡುತ್ತ ಹೋದರು. ದೂರದಿಂದ ನೋಡಿದ ಸಾಹೇಬರು, “ಏನ್ರಿ, ಬಂದೂಕಿಗೆ ಮಂಗಳಾರತಿ ಮಾಡಾಕತ್ತೀರೇನು?” ಎಂದರು. ಹೊಳಪಿನ ಬಗ್ಗೆ ನನಗೆ ಅವತ್ತೇ ಬುದ್ಧಿ ಬರಬೇಕಿತ್ತು.

ಈಗ ದೊಡ್ಡದು. ನಳಿಗೆಯ ಒಳಗನ್ನು ಒರೆಸಲು ಆಗ ಒಂದು ಹಗ್ಗ ಇರುತ್ತಿತ್ತು. ಅದರ ಒಂದು ತುದಿಗೆ ಭಾರಕ್ಕೆಂದು ಹಿತ್ತಾಳೆಯ ಗುಂಡು, ಇನ್ನೊಂದು ತುದಿಯ ಕುಣಿಕೆಗೆ ಎಣ್ಣೆಯ ಚಿಂದಿ. ಹಿಂದಿನಿಂದ ಹಿತ್ತಾಳೆ ಗುಂಡನ್ನು ಇಳಿಬಿಟ್ಟು, ಮುಂದಿನಿಂದ ಹಗ್ಗವನ್ನು ನೆಟ್ಟಗೆ ಎಳೆಯಬೇಕು. ಹಗ್ಗ ನಳಿಗೆಯ ತುಟಿಗೆ ತಾಗಬಾರದು ಎಂದು ಗುರಪ್ಪ ಮಿಸ್ತ್ರಿ ಕಟ್ಟುನಿಟ್ಟು ಮಾಡಿದ್ದರು. ತುಟಿ ಎಂದರೆ ಗುಂಡು ಹೊರಬೀಳುವ ತುದಿಯ ಅಂಚು. ಹಾಗೆ ಎಳೆಯುವುದು ನಿಧಾನದ ಕೆಲಸ, ರಟ್ಟೆ ಬೀಳುವ ಕೆಲಸ.

ಅವರು ನಿವೃತ್ತರಾಗಿ ನಿಡೋಣಿಗೆ ಹೋದ ಮೇಲೆ ಆಯುಧ ಕೋಣೆ ನನ್ನ ಕೈಗೆ ಬಂತು. ಅದೇ ಹೊತ್ತಿಗೆ ಬಂದ ಹೊಸ ಸಾಹೇಬರಿಗೆ ನಳಿಗೆಯೊಳಗೆ ಮುಖ ಕಾಣಬೇಕು. ಪ್ರತಿ ತಪಾಸಣೆಯಲ್ಲೂ ಅತಿ ಚೊಕ್ಕ ಬಂದೂಕಿಗೆ ಒಂದು ಸ್ಟೀಲಿನ ಡಬ್ಬಿ ಬಹುಮಾನ. ನಾನು ತಲೆ ಓಡಿಸಿದೆ. ಕೋಣೆಯ ಕಿಟಕಿಗೆ ದಪ್ಪ ಕಬ್ಬಿಣದ ಸರಳುಗಳಿದ್ದವು. ಹಗ್ಗದ ತುದಿಯನ್ನು ನಡುವಿನ ಸರಳಿಗೆ ಕಟ್ಟಿದೆ. ಬಂದೂಕನ್ನು ಸೊಂಟಕ್ಕೆ ಹಿಡಿದು ಹಿಂದಕ್ಕೆ ಹೆಜ್ಜೆ ಹಾಕಿದರೆ ಚಿಂದಿ ತಾನೇ ಒಳಗಿನಿಂದ ಸರ್ರನೆ ಬರುತ್ತಿತ್ತು. ಕೈಗೆ ನೋವಿಲ್ಲ, ಹತ್ತು ನಿಮಿಷದ ಕೆಲಸ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ತಪಾಸಣೆಯ ಹಿಂದಿನ ದಿನ ಪೊಲೀಸರು ಆ ಕಿಟಕಿಯ ಮುಂದೆ ಪಾಳಿ ಹಚ್ಚಿ ನಿಲ್ಲುತ್ತಿದ್ದರು. ಮಿಸ್ತ್ರಿಯ ತಲೆ ಅಂದರೆ ತಲೆ ಎಂದು ಹೊಗಳಿದರು. ನಾನು ಉಬ್ಬಿಹೋದೆ. ಹಾಗೆ ಏಳೆಂಟು ವರ್ಷ ನಡೆಯಿತು. ಡಬ್ಬಿ ಗೆದ್ದದ್ದು ಹೆಚ್ಚಾಗಿ ಹದಿನಾಲ್ಕನೇ ನಂಬರಿನ ಬಂದೂಕು.

ಆ ಹದಿನಾಲ್ಕನೇ ನಂಬರು ಕಸ್ತೂರಿಯ ಪಾಲಿಗೆ ಬಂತು. ಕಸ್ತೂರಿ ಹೊನವಾಡದ ಕುರಿ ಸಾಕುವವರ ಮನೆಯ ಮಗಳು, ಹೊಸದಾಗಿ ಸೇರಿದ ಪೊಲೀಸ್ ಪೇದೆ. ಅವಳಪ್ಪ ಕನಮಡಿಯ ಕಡೆ ಹಿಂಡು ಮೇಯಿಸಿಕೊಂಡು ಹೋದರೆ, ಇವಳು ದಿಬ್ಬದ ಮೇಲೆ ನಿಂತು ಕುರಿಗಳನ್ನು ಒಂದೊಂದಾಗಿ ಗುರುತಿಸುತ್ತಿದ್ದಳಂತೆ. ಅಂಥ ಕಣ್ಣಿನ ಹುಡುಗಿ ಗುಂಡಿನ ಪರೀಕ್ಷೆಯಲ್ಲಿ ನಪಾಸಾದಳು. ಎರಡನೆಯ ಸಲವೂ ನಪಾಸಾದಳು. ಮೂರನೆಯದೇ ಕಡೆಯದು. ಅದರಲ್ಲೂ ಆಗದಿದ್ದರೆ ಕೆಲಸಕ್ಕೆ ತಕ್ಕವಳಲ್ಲ ಎಂದು ಬರೆದು ಮನೆಗೆ ಕಳಿಸುತ್ತಿದ್ದರು. ಹೆಣ್ಣುಮಗಳ ಕೈಯಲ್ಲಿ ಬಂದೂಕು ಏನು ಮಾಡೀತು ಎಂದು ಊರಲ್ಲಿ ನಕ್ಕಿದ್ದವರ ಮುಂದೆ ಅವಳು ಚೀಲ ಹಿಡಿದು ಬಸ್ಸಿನಿಂದ ಇಳಿಯಬೇಕಾಗುತ್ತಿತ್ತು.

ಎರಡನೆಯ ಪರೀಕ್ಷೆ ಮುಗಿದಾಗ ಸಾಹೇಬರು ಅವಳನ್ನು ಕರೆದರು.

“ಸಪ್ಪಳಕ್ಕ ಅಂಜಿ ಕಣ್ಣ ಮುಚ್ಚತೀಯಲ್ಲವಾ?”

“ಇಲ್ರಿ ಸರ್. ಬಂದೂಕ ಒಮ್ಮೆ ಒಂದ ಕಡೆ, ಒಮ್ಮೆ ಒಂದ ಕಡೆ ಹೊಡಿತೈತ್ರಿ. ಬ್ಯಾರೇದ ಕೊಟ್ಟ ನೋಡ್ರಿ.”

ಸಾಹೇಬರು ನನ್ನ ಕಡೆ ತಿರುಗಿದರು. “ಏನಂತೀ ಮಿಸ್ತ್ರಿ?”

“ಬಂದೂಕಿನಾಗ ಏನೂ ದೋಷ ಇಲ್ರಿ. ನಳಿಗಿ ಕನ್ನಡಿ ಆಗೇತಿ. ನಾನೇ ನೋಡಿ ಸಹಿ ಮಾಡೀನಿ.”

ಹಾಗೆಂದು ಎಲ್ಲರ ಮುಂದೆ ಹೇಳಿದೆ. ಒಂದೇ ಒಂದು ಗುಂಡು ಹೊಡೆದು ನೋಡಿರಲಿಲ್ಲ. ಹೊರಗೆ ಬಂದಾಗ ಕಸ್ತೂರಿ ನನ್ನ ಹತ್ತಿರ ನಿಂತಳು. ಅಳಲಿಲ್ಲ, ಜಗಳವಾಡಲಿಲ್ಲ.

“ಕಾಕಾ, ಕುರಿ ಕುಂಟಿದ್ರ ನಮ್ಮಪ್ಪ ಕುರಿ ಕಾಲ ಎತ್ತಿ ನೋಡತಾನ. ಕಾಯಾವರ ಕಣ್ಣ ನೋಡೂದಿಲ್ಲ” ಎಂದಳು.

ಆ ಮಾತು ನನಗೆ ಸೊಕ್ಕಿನದಾಗಿ ಕೇಳಿಸಿತು. ಮೊನ್ನೆ ಮೊನ್ನೆ ಬಂದವಳು ನನಗೆ ಕಲಿಸುತ್ತಾಳೆಯೇ ಎಂದು ಸಿಟ್ಟೂ ಬಂತು. ಆದರೆ ಮನೆಗೆ ಹೋಗಿ ರೊಟ್ಟಿಯ ಮುಂದೆ ಕೂತೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಎಂಬ ಗುರಪ್ಪ ಮಿಸ್ತ್ರಿಯ ಮಾತು ಆಗ ನೆನಪಾಯಿತು. ಮೂರನೆಯ ಪರೀಕ್ಷೆಗೆ ಎಂಟು ದಿನ ಇತ್ತು. ರವಿವಾರ ನಿಡೋಣಿಯ ಬಸ್ಸು ಹತ್ತಿದೆ.

ಗುರಪ್ಪ ಮಿಸ್ತ್ರಿ ಹೊಲದ ಬಾವಿಯ ಹತ್ತಿರ ಎಮ್ಮೆಗೆ ನೀರು ಕುಡಿಸುತ್ತಿದ್ದರು. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ನಾನು ಎಲ್ಲ ಹೇಳಿದೆ. ಕಟ್ಟಿಗೆ ನೋಡಿದಿಯಾ ಎಂದರು, ನೋಡಿದೆ ಎಂದೆ. ತಿರುಪು ಎಂದರು, ಬಿಗಿ ಇವೆ ಎಂದೆ.

“ಒರಸೂದ ಹೆಂಗ?”

ನಾನು ಕಿಟಕಿ ಸರಳಿನ ಉಪಾಯವನ್ನು ವರ್ಣಿಸಿದೆ. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲೂ ಸ್ವಲ್ಪ ಜಂಬದಿಂದಲೇ ವರ್ಣಿಸಿದೆ. ಅವರು ನನ್ನ ಕೈ ಹಿಡಿದು ಬಾವಿಯ ಕಟ್ಟೆಗೆ ಕರೆದುಕೊಂಡು ಹೋದರು. ಕಟ್ಟೆಯ ಕರಿಕಲ್ಲಿನ ಅಂಚಿನಲ್ಲಿ ಸೇದುವ ಹಗ್ಗ ಬಿದ್ದು ಬಿದ್ದು ಬೆರಳು ಹೂತುಹೋಗುವಷ್ಟು ಕೊರೆದ ಗೀರುಗಳಿದ್ದವು. ನನ್ನ ಬೆರಳನ್ನು ಅದರಲ್ಲಿ ಇಡಿಸಿದರು.

“ನಿನ್ನ ಸರಳ ಎಷ್ಟ ಎತ್ತರ ಐತಿ?”

“ಎದಿಮಟ್ಟ.”

“ಬಂದೂಕ?”

“ಸೊಂಟದ ಮಟ್ಟ.” ಹೇಳುತ್ತಿದ್ದಂತೆ ನನಗೇ ಹೊಳೆಯಿತು. ಹಗ್ಗ ಏರಾಗಿ ಹೋಗುತ್ತಿತ್ತು. ಪ್ರತಿ ಸಲವೂ ತುಟಿಯ ಮೇಲಂಚನ್ನೇ ತಿಕ್ಕುತ್ತಿತ್ತು. ಎಣ್ಣೆಗೆ ಹತ್ತಿದ ಧೂಳು ಹಗ್ಗಕ್ಕೆ ಅರದ ಹಲ್ಲು ಕೊಟ್ಟಿತ್ತು.

“ಗುಂಡ ನಳಿಗಿ ಬಿಡೂ ಕಡೀ ಗಳಿಗ್ಯಾಗ ಹೊಗಿ ಸುತ್ತಲೂ ಒಂದೇ ಸಮ ಹೊರಗ ಬೀಳಬೇಕು, ಮೌನೇಶಾ. ಒಂದ ಕಡಿ ಅಂಚ ಸವದಿದ್ರ ಅಲ್ಲಿಂದ ಮೊದಲ ನುಗ್ಗತೈತಿ, ಗುಂಡಿನ ಬುಡಕ್ಕ ಒದಿತೈತಿ. ಒಳಗ ಕನ್ನಡಿ ಇದ್ದರ ಏನ ಬಂತು? ಡ್ರಿಲ್ಲಿನ ಗುಂಡ ತಗೊಂಡ ಮೂತಿ ಮುಂದ ಮಾಡಿ ನಳಿಗಿ ಬಾಯಾಗ ಇಡು. ಎಲ್ಲಿ ಸಂದಿ ಕಾಣತೈತಿ ನೋಡು.” ನನ್ನ ಬೆರಳನ್ನು ಗೀರಿನಿಂದ ತೆಗೆದು, “ನಂದೂ ತಪ್ಪೈತಿ. ತಾಗಿಸಬ್ಯಾಡ ಅಂತ ಹೇಳಿದೆ, ಯಾಕ ಅಂತ ಹೇಳಲಿಲ್ಲ” ಎಂದರು. ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಸೋಮವಾರ ಬಾಗಿಲು ಹಾಕಿಕೊಂಡು ಹದಿನಾಲ್ಕನೇ ನಂಬರನ್ನು ಮೇಜಿನ ಮೇಲಿಟ್ಟೆ. ಡ್ರಿಲ್ಲಿನ ಗುಂಡು ಎಂದರೆ ಮದ್ದಿಲ್ಲದ ಗುಂಡು. ಅದರ ಮೂತಿಯನ್ನು ನಳಿಗೆಯ ಬಾಯಿಗೆ ಇಟ್ಟೆ. ಕೆಳಗೆ, ಎಡಕ್ಕೆ, ಬಲಕ್ಕೆ ಸರಿಯಾಗಿ ಕೂತಿತು. ಮೇಲೆ ಮಾತ್ರ ಕತ್ತರಿಸಿ ಬಿಸಾಡಿದ ಉಗುರಿನಷ್ಟು ಸಂದಿ ಕಂಡಿತು. ಉಳಿದವುಗಳನ್ನೂ ನೋಡಿದೆ. ಡಬ್ಬಿ ಗೆದ್ದವೆಲ್ಲ ಸವೆದಿದ್ದವು, ಕೆಲವು ಹೆಚ್ಚು, ಕೆಲವು ಕಡಿಮೆ. ಹೊರಗಿನಿಂದ ಬಂದು ಯಾವ ಶತ್ರುವೂ ಇಷ್ಟು ಬಂದೂಕುಗಳನ್ನು ಕೆಡಿಸಿರಲಿಲ್ಲ, ನಾನು ಪ್ರೀತಿಯಿಂದ ಒರೆಸಿ ಕೆಡಿಸಿದ್ದೆ.

ಎರಡು ದಿನ ಯಾರಿಗೂ ಹೇಳಲಿಲ್ಲ. ಹೆದರಿಕೆ, ನಾಚಿಕೆ ಎರಡೂ ಇದ್ದವು. ಪ್ರತಿಯೊಂದಕ್ಕೂ ನನ್ನ ಸಹಿ ಇತ್ತು. ಆಮೇಲೆ ಒಂದು ಸುಲಭದ ಹಾದಿ ಹೊಳೆಯಿತು. ಕೋಣೆಯಲ್ಲಿ ಮೂಲೆಗೆ ಬಿದ್ದ ಒಂದು ಬಂದೂಕಿತ್ತು. ಮಂಕಾಗಿದೆ ಎಂದು ಯಾರೂ ಅದನ್ನು ತಪಾಸಣೆಗೆ ಒಯ್ಯುತ್ತಿರಲಿಲ್ಲ, ಹೀಗಾಗಿ ಅದರ ತುಟಿ ದುಂಡಗೆ ಉಳಿದಿತ್ತು. ಕಸ್ತೂರಿಯನ್ನು ಬದಿಗೆ ಕರೆದೆ.

“ಪರೀಕ್ಷಾಕ್ಕ ಬ್ಯಾರೆ ಬಂದೂಕ ಕೊಡತೀನವಾ. ನಂಬರ ನಾ ನೋಡ್ಕೋತೀನಿ. ಯಾರಿಗೂ ಹೇಳಬ್ಯಾಡ.”

ಅವಳು ನನ್ನ ಮುಖ ನೋಡಿದಳು. ಎಲ್ಲ ತಿಳಿಯಿತು ಅವಳಿಗೆ.

“ಹಂಗಾರ ಹದಿನಾಲ್ಕನೇ ನಂಬರ್ ಮುಂದ ಯಾರ ಕೈಗೆ ಹೋಗತೈತ್ರಿ, ಕಾಕಾ?”

ಮುಂದೆ ಬರುವವರು ಅವಳಂತೆಯೇ ನಪಾಸಾಗುತ್ತಾರೆ, ನಾನು ಮತ್ತೆ ಸಹಿ ತೋರಿಸುತ್ತೇನೆ. ಅಥವಾ ಚಾಂದಮಾರಿಯಲ್ಲ, ನಿಜವಾದ ಜಾಗದಲ್ಲಿ ಯಾರೋ ಒಬ್ಬರ ಕಾಲಿಗೆ ಗುರಿಯಿಟ್ಟ ಗುಂಡು ಎದೆಗೆ ಹೋಗುತ್ತದೆ. ಕೆಲಸ ಹೋಗುವ ಅಂಚಿನಲ್ಲಿ ನಿಂತ ಹುಡುಗಿ ಅದನ್ನು ಯೋಚಿಸಿದ್ದಳು, ನಾನು ಯೋಚಿಸಿರಲಿಲ್ಲ.

ಅವತ್ತೇ ಮಧ್ಯಾಹ್ನ ಕಿಟಕಿ, ಸರಳು, ಹಗ್ಗ, ನನ್ನ ಸಹಿ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಸಾಹೇಬರ ಮುಂದೆ ನಿಂತೆ. ಅವರು ಎರಡು ಸಲ ಓದಿದರು. ಹದಿನಾಲ್ಕನೇ ನಂಬರಿನ ಬಾಯಲ್ಲಿ ಗುಂಡಿನ ಮೂತಿ ಇಟ್ಟು ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು.

“ನಾ ಕನ್ನಡಿ ಬೇಡಿದೆ, ನೀ ಕನ್ನಡಿ ಮಾಡಿಕೊಟ್ಟಿ” ಎಂದರು. ಅದು ಬೈಗುಳವೋ ತಪ್ಪೊಪ್ಪಿಗೆಯೋ ನನಗೆ ತಿಳಿಯಲಿಲ್ಲ.

ಪರೀಕ್ಷೆಯ ದಿನ ಮೊದಲು ಸಾಹೇಬರೇ ಮಲಗಿದರು. ಹದಿನಾಲ್ಕನೇ ನಂಬರನ್ನು ಮರಳಿನ ಚೀಲದ ಮೇಲಿಟ್ಟು ಅಲುಗದಂತೆ ಐದು ಗುಂಡು ಹೊಡೆದರು. ಅವರು ಒಳ್ಳೆಯ ಗುರಿಕಾರರು. ಆದರೂ ಐದು ತೂತುಗಳನ್ನು ಮುಚ್ಚಲು ನಮ್ಮ ಕಡೆಯ ದೊಡ್ಡ ಜೋಳದ ರೊಟ್ಟಿಯೂ ಸಾಲುತ್ತಿರಲಿಲ್ಲ. ಎದ್ದು ಮೈಮೇಲಿನ ಮಣ್ಣು ಕೊಡವಿಕೊಂಡು, ಮಂಕು ಬಂದೂಕನ್ನು ಕಸ್ತೂರಿಗೆ ಕೊಡಲು ಹೇಳಿದರು. ಈ ಸಲ ಎಲ್ಲರಿಗೂ ಕಾಣುವಂತೆ, ನಂಬರು ಬರೆದು ಕೊಟ್ಟೆವು.

ಕಸ್ತೂರಿ ಮಲಗಿದಳು. ನಾನು ಅವಳ ಹಿಂದೆ ನಿಂತು ನನ್ನ ಉಸಿರು ಹಿಡಿದಿದ್ದೆ. ಐದನೆಯ ಗುಂಡಿನ ಸಪ್ಪಳ ದಿಬ್ಬಕ್ಕೆ ಬಡಿದು ಹಿಂದಿರುಗಿದ ಮೇಲೆ ಹಲಗೆ ತಂದರು. ಐದೂ ತೂತುಗಳನ್ನು ಅಂಗೈಯಿಂದ ಮುಚ್ಚಬಹುದಿತ್ತು. ಸಾಹೇಬರು ತಮ್ಮ ಅಂಗೈಯಿಂದಲೇ ಮುಚ್ಚಿ ನೋಡಿದರು. ನನ್ನ ಕಣ್ಣಲ್ಲಿ ನೀರು ಬಂತು. ಕಸ್ತೂರಿ ಮಾತ್ರ ಮಂಕು ಬಂದೂಕಿನ ಕಟ್ಟಿಗೆಯನ್ನು ಅಂಗಿಯ ತೋಳಿನಿಂದ ಒರೆಸಿ, “ಪಾಪ, ಇದು ಇಷ್ಟ ವರ್ಷ ಮೂಲ್ಯಾಗ ಕುಂತಿತ್ತು” ಎಂದಳು.

ನನಗೆ ಶಿಕ್ಷೆ ಆಯಿತು. ಆಗಬೇಕಾದದ್ದೇ. ಕೆಲವು ನಳಿಗೆಗಳನ್ನು ಬದಲಿಸಿದರು, ಹದಿನಾಲ್ಕನೇ ನಂಬರು ಸೇವೆಯಿಂದ ಹೊರಬಿತ್ತು. ಸ್ಟೀಲಿನ ಡಬ್ಬಿಯ ಬಹುಮಾನ ನಿಂತಿತು. ಕಿಟಕಿಯ ಹಗ್ಗವನ್ನು ನಾನೇ ಬಿಚ್ಚಿದೆ. ಅವತ್ತಿನಿಂದ ನಿವೃತ್ತಿಯವರೆಗೆ, ಹೊಡೆದು ನೋಡದ ಬಂದೂಕಿಗೆ ಸಹಿ ಹಾಕಲಿಲ್ಲ. ಮುಂದೆ ಹೊಸ ಬಂದೂಕುಗಳು ಬಂದವು. ಕಟ್ಟಿಗೆ ಹೋಯಿತು, ಅಗಸೆ ಎಣ್ಣೆ ಹೋಯಿತು, ಹಗ್ಗದ ಬದಲು ಕೋಲು ಬಂತು. ಅವು ನಮ್ಮ ಹಳೆಯವುಗಳಿಗಿಂತ ಚೆನ್ನಾಗಿಯೇ ಇವೆ. ಆದರೆ ಮಳೆಗಾಲ ಬಂದಾಗ ಮೈ ಉಬ್ಬಿಸಿಕೊಂಡು ಮುನಿಯುವ ಬಂದೂಕಿನ ಮೇಲೆ ಹುಟ್ಟುವ ಅಕ್ಕರೆ ಇವುಗಳ ಮೇಲೆ ನನಗೆ ಹುಟ್ಟಲಿಲ್ಲ.

ಕಳೆದ ತಿಂಗಳು ಆಯುಧಗಳನ್ನು ಹೊಸ ಕಟ್ಟಡಕ್ಕೆ ಸಾಗಿಸುತ್ತಾರೆಂದು ಕೇಳಿ ಹಳೆಯ ಕೋಣೆಯನ್ನು ಕಡೆಯದಾಗಿ ನೋಡಲು ಹೋದೆ. ಬಾಗಿಲಲ್ಲೇ ನಿಂತೆ. ಒಳಗೆ ಕಸ್ತೂರಿ ಹೊಸಬರಿಗೆ ಪಾಠ ಹೇಳುತ್ತಿದ್ದಳು. ಈಗ ಗುಂಡು ಹೊಡೆಯುವುದನ್ನು ಕಲಿಸುವವಳು ಅವಳೇ, ಕೂದಲು ಅಲ್ಲಲ್ಲಿ ಬೆಳ್ಳಗಾಗಿದೆ. ಬೆನ್ನು ನನ್ನ ಕಡೆಗಿತ್ತು. ಅವಳ ಬೆರಳು ಕಿಟಕಿಯ ನಡುವಿನ ಸರಳಿನ ಮೇಲಿತ್ತು. ಉಳಿದ ಸರಳುಗಳಿಗೆಲ್ಲ ತುಕ್ಕು ಹಿಡಿದಿತ್ತು, ಅದೊಂದರಲ್ಲಿ ಮಾತ್ರ ಎದೆಮಟ್ಟಕ್ಕೆ ಹಗ್ಗ ತಿಂದ ಸಣ್ಣ ಸೊಂಟ ಕಾಣುತ್ತಿತ್ತು.

“ಸರಳಿಗೇ ಹಿಂಗ ಆಗೇತಿ. ನಳಿಗಿ ಗತಿ ಏನಾಗಿರಬೇಕು ನೀವೇ ಹೇಳ್ರಿ” ಎಂದಳು.

ಹೊಸಬರಲ್ಲಿ ಒಬ್ಬ ಕೇಳಿದ, “ಇದನ್ನ ಕಂಡಹಿಡಿದ ಶಾಣ್ಯಾ ಯಾರ್ರಿ ಮೇಡಂ?”

ಎಲ್ಲರೂ ನಕ್ಕರು. ಅವಳು ನಗಲಿಲ್ಲ. “ಕಂಡಹಿಡಿದಾವ್ರೂ ಅವ್ರೇ, ಬರದ ಕೊಟ್ಟ ಬಂದ ಮಾಡಿಸಿದಾವ್ರೂ ಅವ್ರೇ. ಅವ್ರು ಅವತ್ತ ಸುಮ್ಮನಿದ್ದಿದ್ರ ನಾ ಇಲ್ಲಿ ನಿಂತಿರತಿದ್ದಿಲ್ಲ.”

“ಆ ಶಾಣ್ಯಾ ನಾನೇ ನೋಡಪಾ” ಎಂದು ಒಳಗೆ ಹೋದೆ.

ಕೇಳಿದವನು ನಾಲಿಗೆ ಕಚ್ಚಿಕೊಂಡು ಕುರ್ಚಿ ತಂದ. ಇಷ್ಟು ವರ್ಷ ದುಡಿದವನನ್ನು ಕಟ್ಟಿಗೆ ಹೆರೆದದ್ದಕ್ಕೋ, ಕೆಟ್ಟದ್ದನ್ನು ಸರಿಮಾಡಿದ್ದಕ್ಕೋ ನೆನೆಯುತ್ತಾರೆ ಎಂದುಕೊಂಡಿದ್ದೆ. ನೆನೆಯುತ್ತಿರುವುದು ನನ್ನ ತಪ್ಪಿಗಾಗಿ. ಒಂದು ಗಳಿಗೆ ಚುಚ್ಚಿತು, ಸುಳ್ಳೇಕೆ ಹೇಳಲಿ. ಆಮೇಲೆ ಅವನ ಕೈಯಲ್ಲಿದ್ದ ಬಂದೂಕನ್ನು ಇಸಿದುಕೊಂಡು, ಖಾಲಿ ಇದೆಯೆಂದು ನೋಡಿ, ತುಟಿಯ ಸುತ್ತ ಬೆರಳಾಡಿಸಿದೆ. ಎಲ್ಲೂ ತಡೆಯದೆ ಬೆರಳು ದುಂಡಗೆ ತಿರುಗಿ ಬಂತು. ಚುಚ್ಚಿದ್ದು ಮಾಯವಾಯಿತು.

ಹೊರಡುವಾಗ ಕಸ್ತೂರಿ ತಪಾಸಣೆಯ ಒಂದು ವಹಿ ತಂದು ಮುಂದೆ ಹಿಡಿದಳು. “ಬಂದೂಕ ಹೆಂಗ ಅದಾವ ಅಂತ ಎರಡ ಮಾತ ಬರದು ಸಹಿ ಮಾಡ್ರಿ, ಕಾಕಾ. ನಿಮ್ಮ ಅಕ್ಷರ ಇರಲಿ.”

ಪೆನ್ನು ತೆರೆದೆ. ಮತ್ತೆ ಮುಚ್ಚಿದೆ.

“ಹೊಡದ ನೋಡೀರೇನ?”

“ಇಲ್ರಿ. ನಾಳೆ ಚಾಂದಮಾರಿ ಐತಿ.”

“ಹಂಗಾರ ನಾಳೆ ಬರತೀನಿ” ಎಂದೆ.